ಬೇಸಿಗೆಯ ಊರು

"ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದಿತು ಗಾಡಿಯ ಪರದೆ. ಆ ಮಾತು ಮುಗಿಯುವುದರೊಳಗೆ ಮುಂದಿನ ಗಾಜಿಗೆ ಅಂಟಿಸಿದ್ದ ಪುಟ್ಟ ಜಿಪಿಎಸ್ ಡಬ್ಬಿ "ಸೀಧೇ ಚಲಿಯೇ" ಎಂದಿತು. ಬಂದಗಿಸಾಬರು ಕೂಡುರಸ್ತೆಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು ಕೂತರು.

"ಕೇಳಿದ್ರೇನ್ರಿ ಬಾಯಾರ? ದೊಡ್ಡ ಸೊಸಿ ಎಡಕ್ಕ ಅಂತಾಳ, ಸಣ್ಣ ಸೊಸಿ ನೆಟ್ಟಗ ಅಂತಾಳ. ಇನ್ನ ಅತ್ತೀನ್ನ ಎಬ್ಬಸಬೇಕು."

ಅತ್ತೆ ಎಂದರೆ ಅವರ ಕಾಗದದ ನಕಾಶೆ. ವಿಜಯಪುರ ಜಿಲ್ಲೆಯ ಆ ನಕಾಶೆ ಇಪ್ಪತ್ತೆರಡು ವರ್ಷದಿಂದ ಅವರ ಹತ್ತಿರವಿತ್ತು. ಮಡಿಕೆ ಹರಿದಲ್ಲೆಲ್ಲ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿದ್ದರು. ಅದನ್ನು ಅವರು ಮೊಣಕಾಲ ಮೇಲೆ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ವರದಾ ಗಡಿಯಾರ ನೋಡಿದಳು. ಹತ್ತು ಐವತ್ತು.

ಇವರು ಹೊರಟಿದ್ದ ಮನೆಯ ರಾವಸಾಬ ಮಾಸ್ತರರು ಜೀವ ಬಿಟ್ಟದ್ದು ಬೆಳಿಗ್ಗೆ ಆರಕ್ಕೆ. ಸತ್ತವರ ಕಣ್ಣು ಇನ್ನೊಬ್ಬರಿಗೆ ಬರಬೇಕಾದರೆ ಆರು ತಾಸಿನೊಳಗೆ ತೆಗೆಯಬೇಕು ಎಂಬುದು ಪುಸ್ತಕದ ಮಾತು. ಮೇ ತಿಂಗಳ ಈ ಬಿಸಿಲಿನಲ್ಲಿ ಐದು, ಹೆಚ್ಚೆಂದರೆ ಐದೂವರೆ ಎಂಬುದು ನೇತ್ರ ಭಂಡಾರದಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದ ವರದಾಳ ಅನುಭವ. ಹಿಂದಿನ ಸೀಟಿನಲ್ಲಿ ಐಸಿನ ಪೆಟ್ಟಿಗೆ ಇತ್ತು. ಬಂದಗಿಸಾಬರು ಅದಕ್ಕೆ ಯಾವಾಗಲೂ ಮನುಷ್ಯರಿಗೆ ಹಾಕಿದಂತೆ ಬೆಲ್ಟು ಹಾಕುತ್ತಿದ್ದರು, ಖಾಲಿ ಇದ್ದಾಗಲೂ.

ಎಂಟು ಗಂಟೆಗೆ ಇವರು ಇಂಡಿ ತಾಲೂಕಿನ ತಾಂಬಾದ ಶಾಲೆಯಲ್ಲಿದ್ದರು. ಕಣ್ಣು ತಪಾಸಣೆಯ ಶಿಬಿರಕ್ಕೆ ಬೆಂಚು ಜೋಡಿಸುತ್ತಿದ್ದಾಗ ಮಾಸ್ತರರ ಮಗಳು ಯಶೋಧಾ ಫೋನು ಮಾಡಿದ್ದಳು. ಅಳು ಇರಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದುವ ಹಾಗೆ ಹೇಳಿದ್ದಳು.

"ಅಪ್ಪಾ ಹೋಗಿಬಿಟ್ರು ಬಾಯಾರ. ಕಣ್ಣಿನ ಫಾರ್ಮ್ ಹತ್ತು ವರ್ಷದ ಹಿಂದನ ತುಂಬ್ಯಾರ್ರಿ. ನಮ್ಮ ಕಾಕಾ ಬ್ಯಾಡ ಅನ್ನಾಕತ್ತಾನ. ಅವ್ವ ಮಾತ್ರ ಕೊಡಾಕ ಬೇಕ ಅಂತ ಹಟಾ ಹಿಡದಾಳ. ಲಗೂನ ಬರ್ರಿ. ಹೊಳಿಸಂಗಾಪುರ್ರಿ."

"ಫ್ಯಾನ್ ಬಂದ್ ಮಾಡ್ರಿ, ರೆಪ್ಪಿ ಮುಚ್ಚಿ ಮ್ಯಾಲೆ ಹಸೀ ಅರಿವಿ ಇಡ್ರಿ, ತಲಿ ಕೆಳಗ ಎರಡು ದಿಂಬು ಇರಲಿ" ಎಂದು ವರದಾ ಹೇಳಿದ್ದಳು. "ನಾವು ಬರ್ಲಿಕ್ಕತ್ತೇವಿ."

ಕೇಳಬೇಕಾದ ಒಂದು ಮಾತನ್ನು ಅವಳು ಕೇಳಿರಲಿಲ್ಲ. ಹೊಳಿಸಂಗಾಪುರ ಎರಡಿದ್ದವು. ಆಲಮಟ್ಟಿ ಅಣೆಕಟ್ಟಿನ ನೀರು ಏರಿದಾಗ ಹೊಳೆದಂಡೆಯ ಊರು ಮುಳುಗಿತ್ತು. ಜನರನ್ನು ಮೇಲಿನ ಕಲ್ಲು ಭೂಮಿಯ ಪುನರ್ವಸತಿ ಕೇಂದ್ರಕ್ಕೆ ಕಳಿಸಿದ್ದರು, ಹೆಸರೂ ಅವರ ಜೊತೆಗೇ ಹೋಗಿತ್ತು.

"ಇಲ್ಲಿ ನೋಡ್ರಿ" ಎಂದು ಬಂದಗಿಸಾಬರು ನಕಾಶೆಯ ಮೇಲೆ ಬೆರಳಿಟ್ಟರು. ಎಡಕ್ಕೆ ಒಂಬತ್ತು ಕಿಲೋಮೀಟರ್ ದೂರದಲ್ಲಿ, ಹೊಳೆಯ ಅಂಚಿನ ಚುಕ್ಕೆಯನ್ನು ಹೊಡೆದುಹಾಕಿದ ಕೆಂಪು ಪೆನ್ನಿನ ಕಾಟು. ಅಂಥ ಕಾಟುಗಳು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ತನಕ ಹೊಳೆಯ ಗುಂಟ ಸಾಲಾಗಿ ಇದ್ದವು. "ಈ ಕಾಟು ನಾನ ಹೊಡದದ್ದು. ಇದು ನೀರಾಗ ಹೋದ ಊರು. ಮಂದಿ ಎಲ್ಲಾ ಇಲ್ಲಿ ಮ್ಯಾಲ, ನೆಟ್ಟಗ ಹದಿನಾಕ ಕಿಲೋಮೀಟರ್. ಗಾಡಿ ಹೊಸಾದು ಆದ್ರೇನ್ರಿ, ಅದರೊಳಗಿನ ನಕಾಶೆ ಹಳೇದು. ದೊಡ್ಡ ಸೊಸಿಗೆ ಹೊಳಿಗೆ ನೀರ ಬಂದದ್ದ ಗೊತ್ತಿಲ್ಲ."

"ಹ್ವಾದ ಸಪ್ಟಂಬರದಾಗ ನಮ್ಮನ್ನ ನೀರಿನ ದಂಡಿಗೇ ಒಯ್ದು ನಿಲ್ಲಿಸಿತ್ತಲ್ಲ" ಎಂದಳು ವರದಾ.

"ಅದಕ್ಕ ಅನ್ನೂದು. ಇನ್ನೆರಡ ಮಾರು ಹೋಗಿದ್ರ ನಮ್ಮ ಕಣ್ಣ ತಗಿಯಾಕ ಯಾರರೆ ಬರಬೇಕಾಗತಿತ್ತು."

ಫೋನಿನಲ್ಲಿ ಯಶೋಧಾಳ ಎರಡು ಕರೆಗಳು ಬಂದು ಹೋಗಿದ್ದವು. ದೇವರಹಿಪ್ಪರಗಿ ದಾಟಿದ ಮೇಲೆ, ಸಿಗ್ನಲ್ಲು ಸಿಗದ ಹಾದಿಯಲ್ಲಿ ಬಂದಿರಬೇಕು. ವರದಾ ತಿರುಗಿ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದಳು. ಅದೇ ಮಾತು. ಎಡಗಡೆಯ ರಸ್ತೆಯಲ್ಲಿ ಗುಬ್ಬಿಗಳ ಹಿಂಡು ಏನನ್ನೋ ಹೆಕ್ಕುತ್ತಿತ್ತು. ಪಶ್ಚಿಮಕ್ಕೆ ಕಪ್ಪು ಮೋಡದ ಒಂದು ಗೋಡೆ ಎದ್ದಿತ್ತು.

ಮೂರರಲ್ಲಿ ಎರಡು ಒಂದೇ ಮಾತು ಹೇಳುತ್ತಿದ್ದವು. ಜೊತೆಗೆ ಇಪ್ಪತ್ತೆರಡು ವರ್ಷ ಈ ರಸ್ತೆಗಳಲ್ಲಿ ಓಡಾಡಿದ ಮನುಷ್ಯನೂ ಅದನ್ನೇ ಹೇಳುತ್ತಿದ್ದ.

"ನೆಟ್ಟಗ ನಡೀರಿ" ಎಂದಳು ವರದಾ.

ಹೊಸ ಹೊಳಿಸಂಗಾಪುರದ ಓಣಿಗಳು ಸ್ಕೇಲು ಇಟ್ಟು ಎಳೆದ ಹಾಗೆ ಇದ್ದವು. ಮನೆಮನೆಗೂ ನಂಬರು. ಊರ ನಡುವೆ ಎತ್ತರದ ಮೊಬೈಲ್ ಟವರು. ಅದನ್ನು ನೋಡಿದೊಡನೆ ವರದಾ ಮತ್ತೆ ಕೈಯಲ್ಲಿದ್ದ ಫೋನು ನೋಡಿದಳು. ಇಷ್ಟು ದೊಡ್ಡ ಟವರಿನ ಬುಡದಲ್ಲಿದ್ದವಳ ಫೋನು ವ್ಯಾಪ್ತಿಯ ಹೊರಗೆ ಹೇಗೆ ಹೋದೀತು?

ಮಾಸ್ತರರ ಮನೆಗೆ ಕೀಲಿ ಹಾಕಿತ್ತು. ಅಂಗಳದಲ್ಲಿ ನೀರು ಚೆಲ್ಲಿದ ಕಲೆ ಇನ್ನೂ ಒದ್ದೆಯಾಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬಳು ಕೂತಿದ್ದಳು. ಇವರನ್ನು ನೋಡಿ ಎದೆ ಬಡಿದುಕೊಂಡಳು.

"ಯಾ ಅಲ್ಲಾ! ಕಣ್ಣಿನವರು ಇಲ್ಲಿಗ್ಯಾಕ ಬಂದ್ರಿ? ಮಾಸ್ತರ್ನ ಹಳೇ ಊರಿಗೆ ಒಯ್ದಾರಲ್ರಿ!"

"ಹಳೇ ಊರಿಗೆ?" ಬಂದಗಿಸಾಬರ ದನಿ ತಾನಾಗಿ ಇಳಿಯಿತು. "ಅದು ನೀರಾಗ ಐತಲ್ಲ ಅವ್ವಾ."

"ಈಗ್ಯಾವ ನೀರು? ಬ್ಯಾಸಗಿ ಐತಿ. ನೀರು ಇಳೀತಂದ್ರ ಹಳೇ ಊರು ತೆರೀತೈತಿ." ಮುದುಕಿಯ ಹೆಸರು ಜೋಹರಾಬಿ. ಮಕ್ಕಳಿಗೆ ತಿಳಿಸಿ ಹೇಳುವಂತೆ ನಿಧಾನಕ್ಕೆ ಹೇಳಿದಳು. "ಮಳಿಗಾಲದಾಗ ಸತ್ತವರನ್ನ ಇಲ್ಲೇ ಕಲ್ಲ ನೆಲದಾಗ ಹೂಳತಾರ. ಬ್ಯಾಸಗ್ಯಾಗ ಸತ್ತವರಿಗೆ ಅವರ ಅಪ್ಪನ ಮಗ್ಗಲದಾಗ, ಅವ್ವನ ಮಗ್ಗಲದಾಗ ಜಾಗಾ ಸಿಗತೈತಿ. ಪುಣ್ಯಾ ಮಾಡಿದವರಿಗೆ ಬ್ಯಾಸಗಿ ಸಾವು ಅಂತೀವಿ ನಾವು. ಸಂಜೀಕ ಒಯ್ಯೂದಿತ್ತು. ಆ ಮ್ವಾಡ ನೋಡ್ರಿ. ನಾಕ ಹನಿ ಬಿದ್ರ ಎರಿ ಮಣ್ಣಾಗ ಟ್ರ್ಯಾಕ್ಟರ್ ಹೂತ ಹೋಗತೈತಿ. ಅದಕ್ಕ ಮುಂಜಾನಿನ ಬಿಟ್ರು. ಪಾಪ ಯಶೋಧಾ ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾದ್ಲು."

ವರದಾ ಗಾಡಿಯ ಕಡೆ ಓಡುವಷ್ಟರಲ್ಲಿ ಜೋಹರಾಬಿ ಕುಂಟುತ್ತ ಒಳಗೆ ಹೋಗಿ ಒಂದು ಬಾಟಲಿ ನೀರು ತಂದು ಕಿಟಕಿಯಿಂದ ಅವಳ ಮಡಿಲಿಗೆ ಹಾಕಿದಳು. "ಅಲ್ಲಿ ಕುಡಿಯಾಕ ನೀರ ಇರೂದಿಲ್ಲ. ಹೋಗ್ರಿ, ಹೋಗ್ರಿ."

ಹೊರಟಾಗ ಹನ್ನೊಂದೂವರೆ. ಬಂದ ಹಾದಿಯನ್ನೇ ಹಿಂದಕ್ಕೆ ಹದಿನಾಲ್ಕು, ಮುಂದೆ ಒಂಬತ್ತು. ಬಂದಗಿಸಾಬರು ಎಂದೂ ಹೊಡೆಯದ ಹಾಗೆ ಗಾಡಿ ಹೊಡೆದರು. ತಗ್ಗು ದಿನ್ನೆಗಳಲ್ಲಿ ಐಸಿನ ಪೆಟ್ಟಿಗೆ ಬೆಲ್ಟಿನೊಳಗೇ ಹಾರಿ ಹಾರಿ ಕೂತಿತು. ನಕಾಶೆ ಅವರ ಕಾಲ ಬಳಿ ಬಿದ್ದಿತ್ತು. ಎತ್ತಿಕೊಳ್ಳಲಿಲ್ಲ.

"ನಮ್ಮ ಬೀಗರ ಊರೂ ಹಿಂಗ ಮುಳಗೇತ್ರಿ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಕಾಟು ಹೊಡದೆ, ಮುಗೀತು ಅಂದ್ಕೊಂಡೆ. ನೀರು ಇಳದಾಗ ಏನ ಕಾಣತೈತಿ ಅಂತ ಒಂದಿನರೆ ಹೋಗಿ ನೋಡ್ಲಿಲ್ಲ."

"ನೆಟ್ಟಗ ನಡೀರಿ ಅಂದಾಕಿ ನಾನು."

"ಹಾದಿ ಹೇಳಿದಾವ ನಾನ ಅಲ್ಲೇನ್ರಿ?"

ಕೂಡುರಸ್ತೆಗೆ ಬಂದಾಗ ಗಾಡಿಯ ಪರದೆ ಬೇಸರವಿಲ್ಲದ ಅದೇ ದನಿಯಲ್ಲಿ "ಬಲಕ್ಕೆ ತಿರುಗಿ" ಎಂದಿತು. ತಿರುಗಿದರು. ಗುಬ್ಬಿಗಳು ಪುರ್ರನೆ ಎದ್ದವು. ಆಗ ಇಬ್ಬರಿಗೂ ಕಂಡಿತು. ಡಾಂಬರಿನ ಮೇಲೆ ಉದ್ದಕ್ಕೂ ಬಿಳಿ ಚುರಮುರಿ, ನಡುನಡುವೆ ಚೆಂಡುಹೂವಿನ ಎಸಳು. ಹಳೆಯ ಊರಿನ ಹಾದಿ ಹಿಡಿದಲ್ಲಿಂದ ಹೆಣದ ಮುಂದೆ ತೂರುತ್ತ ಹೋದದ್ದು. ಮುಂಜಾನೆ ಬೇವಿನ ಮರದ ಕೆಳಗೆ ಇವರು ನಿಂತಾಗಲೂ ಅದು ಅಲ್ಲಿಯೇ ಇತ್ತು.

"ಚುರಮುರಿ, ಬಾಯಾರ."

"ನೋಡಿದೆ" ಎಂದಳು ವರದಾ.

ಡಾಂಬರು ಮುಗಿದಲ್ಲಿ ನೆಲ ಇಳಿಯುತ್ತ ಹೋಯಿತು. ನೀರು ಬಿಟ್ಟುಹೋದ ಎರೆಮಣ್ಣು ಅಂಗೈಯಗಲ ಬಿರುಕು ಬಿಟ್ಟಿತ್ತು. ಅಲ್ಲಲ್ಲಿ ಮನೆಗಳ ತಳಪಾಯ, ಕೆಸರು ಬಳಿದ ಒರಳು ಕಲ್ಲು, ಎಲೆ ಇಲ್ಲದ ಕರಿ ಬೊಡ್ಡೆಗಳು. ದೂರದಲ್ಲಿ ಹೊಳೆ ಒಂದು ತೆಳ್ಳನೆಯ ತಗಡಿನ ಹಾಗೆ ಹೊಳೆಯುತ್ತಿತ್ತು. ಟ್ರ್ಯಾಕ್ಟರಿನ ಗಾಲಿಯ ಗುರುತು ಹಿಡಿದು ಹೋದರೆ ಮೂವತ್ತು ನಲವತ್ತು ಜನ ಕಂಡರು. ನೆರಳು ಎಂಬುದು ಎಲ್ಲಿಯೂ ಇರಲಿಲ್ಲ. ಮಳೆ ತರಬೇಕಾಗಿದ್ದ ಮೋಡ ಮುದ್ದೇಬಿಹಾಳದ ಕಡೆ ಸರಿದು ಹೋಗಿ ಆಕಾಶ ಬೆಳ್ಳಗಾಗಿತ್ತು.

ಆಗ ಹನ್ನೆರಡೂವರೆ.

ಮಾಸ್ತರರನ್ನು ಬಿಳಿ ಬಟ್ಟೆ ಹಾಸಿದ ಚಟ್ಟದ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ತೋಡಿದ ಕುಣಿ. ಅದರ ಬದಿಗೆ ನೀರು ತಿಂದು ನುಣುಪಾದ ಎರಡು ಗೋರಿಕಲ್ಲುಗಳು, ಅವರ ತಂದೆ ತಾಯಿಯವು. ದಪ್ಪ ಮೀಸೆಯ ಗಂಡಸೊಬ್ಬ ಹೆಣದ ಮುಖದ ಮೇಲೆ ಕರಿ ಛತ್ರಿ ಹಿಡಿದು ನಿಂತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿತ್ತು, ತನ್ನ ತಲೆಯ ಮೇಲೆ ಏನೂ ಇರಲಿಲ್ಲ. ಮಾಸ್ತರರ ಹೆಂಡತಿ ಸೀತವ್ವ ಬಿಂದಿಗೆಯ ನೀರಲ್ಲಿ ಅರಿವೆ ಅದ್ದಿ, ಹಿಂಡಿ, ಗಂಡನ ಕಣ್ಣ ಮೇಲೆ ಇಡುತ್ತಿದ್ದಳು. ಅದು ಬಿಸಿಯಾಗುತ್ತಲೇ ಇನ್ನೊಂದು.

ತಡ ಯಾಕಾಯಿತೆಂದು ಒಬ್ಬರೂ ಕೇಳಲಿಲ್ಲ. ಜನ ಸರಿದು ದಾರಿ ಬಿಟ್ಟರು. ಯಾರೋ ಒಬ್ಬರು ವರದಾಳ ಕೈಯಿಂದ ಚೀಲ, ಐಸಿನ ಪೆಟ್ಟಿಗೆ ತಗೊಂಡರು.

"ಬಂದ್ರ್ಯಾ ಬಾಯಾರ" ಎಂದು ಸೀತವ್ವ ಎದ್ದಳು. "ಬಿಸಲಾಗ ಹಾದಿ ಹುಡುಕಿ ಭಾಳ ತ್ರಾಸ್ ಆತೇನ ನಿಮಗ. ನಾ ಒಂದ ಗಳಿಗಿನೂ ಅರಿವಿ ಒಣಗಾಕ ಬಿಟ್ಟಿಲ್ರಿ. ನೀವು ಹೇಳಿದಾಂಗ ಮಾಡೇನಿ."

ವರದಾ ಮೊಣಕಾಲೂರಿ ಕೂತು ಅರಿವೆ ತೆಗೆದಳು. ರೆಪ್ಪೆ ಎತ್ತಿ ಟಾರ್ಚು ಹಿಡಿದಳು. ಒಂದು ಕಣ್ಣು, ಆಮೇಲೆ ಇನ್ನೊಂದು. ಕರಿ ಗುಡ್ಡೆಯ ಮೇಲಿನ ತಿಳಿ ಗಾಜು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಮತ್ತೊಮ್ಮೆ ನೋಡಿದಳು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಒಂದು ತಾಸು ಮುಂಚೆ, ಬೇವಿನ ಮರದಿಂದ ಎಡಕ್ಕೆ ತಿರುಗಿ ಬಂದಿದ್ದರೆ, ಎಂದು ಯೋಚಿಸುವುದು ಬೇಡವೆಂದರೂ ಮನಸ್ಸು ಅದನ್ನೇ ಯೋಚಿಸಿತು.

ಯಶೋಧಾಳನ್ನು ಕರೆದುಕೊಂಡು ಒಂದು ತಳಪಾಯದ ಹತ್ತಿರ ಹೋದಳು.

"ತಡಾ ಆಗ್ಯದ, ಯಶೋಧಾ. ಇವು ಇನ್ನ ಯಾರಿಗೂ ಬರೂದಿಲ್ಲ. ತಪ್ಪು ನಮ್ಮದು. ನಾವು ಹೊಸಾ ಊರಿಗೆ ಹೋಗಿಬಿಟ್ವಿ."

ಯಶೋಧಾ ತನ್ನ ಫೋನು ತೆಗೆದು ನೋಡಿದಳು. "ನಾ ಮೆಸೇಜ್ ಹಾಕಿದ್ನಿ" ಎಂದಳು. "ಹೋಗೇ ಇಲ್ಲ. ಇಲ್ಲಿ ಕಡ್ಡೀನ ಇಲ್ಲ." ಫೋನು ಒಳಗಿಟ್ಟಳು. "ಅವ್ವಗ ಹೆಂಗ ಹೇಳ್ಲಿರಿ?"

ಛತ್ರಿಯನ್ನು ಬೇರೊಬ್ಬರ ಕೈಗೆ ಕೊಟ್ಟು ಆ ಮೀಸೆಯವನು ಹಿಂದೆಯೇ ಬಂದಿದ್ದ. ಯಶೋಧಾಳ ಕಾಕಾ ಸಿದ್ಧರಾಮ. ಮುಂಜಾನೆ ಬೇಡ ಎಂದವನು ಅವನೇ.

"ಬಾಯಾರ, ನಾ ಕೇಳಿಸ್ಕೊಂಡೆ" ಎಂದ. "ಒಂದ ಮಾತು ಹೇಳ್ತೇನಿ. ಕಣ್ಣ ಕೊಟ್ರ ನಮ್ಮಣ್ಣ ಮುಂದಿನ ಜಲ್ಮಕ್ಕ ಕುಲ್ಡ ಆಗಿ ಹುಟ್ಟತಾನ ಅಂತ ನಾ ಮುಂಜಾನೆ ಮಂದಿ ಮುಂದ ಒದರಾಡೇನಿ. ನಮ್ಮ ವೈನಿ ಏನಂದ್ಲು ಗೊತ್ತೈತೇನ್ರಿ? ಮುಂದಿನ ಜಲ್ಮಾ ಯಾರ ನೋಡ್ಯಾರೋ ಸಿದ್ಧಾ, ಈ ಜಲ್ಮದಾಗ ಇಬ್ಬರು ನೋಡ್ಲಿ ಬಿಡು ಅಂದ್ಲು. ಅದೊಂದ ಮಾತಿನ ಮ್ಯಾಲ ಆಕಿ ಇಲ್ಲೀತನಕ ನಿಂತಾಳ. ಅತ್ತಿಲ್ಲ. ಒಂದ ಗುಟುಕು ನೀರ ಕುಡದಿಲ್ಲ, ಕುಡಿಯೂ ನೀರೆಲ್ಲಾ ಅರಿವಿಗೆ ಸುರದಾಳ." ಅವನು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. "ಆಕಿಗೆ, ಕಣ್ಣ ತಗೊಂಡ್ವಿ ಅನ್ರಿ."

"ನಾ ಯಾರಿಗೂ ಹಂಗ ಹೇಳಿಲ್ಲರಿ. ಹತ್ತೊಂಬತ್ತು ವರ್ಷದಾಗ."

"ಹೌದಲ್ರಿ. ಹೇಳಿದವರಿದ್ರ ಅವರನ್ನ ಕೇಳತಿದ್ನಿ" ಎಂದ ಸಿದ್ಧರಾಮ. "ಇಲ್ಲಿ ನೀವ ಅದೀರಿ."

ವರದಾ ಯಶೋಧಾಳ ಮುಖ ನೋಡಿದಳು. ಯಶೋಧಾ ಹೆಂಗಸರ ಗುಂಪಿನ ಕಡೆ ಹೋಗಿ "ಯಾರರೆ ಇಬ್ಬರು ಒಂದ ಸೀರಿ ಅಡ್ಡ ಹಿಡೀರಿ, ಬಾಯಾರಿಗೆ ಮರೆ ಬೇಕು" ಎಂದಳು.

ಹಸಿರು ಸೀರೆಯೊಂದನ್ನು ಇಬ್ಬರು ಹೆಂಗಸರು ಎರಡು ತುದಿಗೆ ನಿಂತು, ಹೊರಗೆ ಮುಖ ಮಾಡಿ ಹಿಡಿದರು. ಅದರ ಮರೆಯಲ್ಲಿ ವರದಾ ಕೈಗವಸು ಹಾಕಿಕೊಂಡು ಕೂತಳು. ಇಪ್ಪತ್ತು ನಿಮಿಷದ ಕೆಲಸ. ಚೀಲ ಬಿಚ್ಚಿದಳು, ಉಪಕರಣಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು, ಒಂದನ್ನೂ ಮುಟ್ಟಲಿಲ್ಲ. ಜೋಹರಾಬಿ ಕೊಟ್ಟ ನೀರಿನಲ್ಲಿ ಹತ್ತಿ ಅದ್ದಿ ಮಾಸ್ತರರ ಹಣೆಯ ಧೂಳು ಒರೆಸಿದಳು, ಹುಬ್ಬು ತಿದ್ದಿದಳು, ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ ಮೇಲೆ ಹತ್ತಿ ಇಟ್ಟು ಬಿಳಿ ಪಟ್ಟಿ ಅಂಟಿಸಿದಳು. ಅಷ್ಟಕ್ಕೆ ಐದು ನಿಮಿಷ ಆಗಿತ್ತು. ಉಳಿದ ಹದಿನೈದು ನಿಮಿಷ ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ಸೀರೆಯ ಆಚೆ ಯಾರೋ ಮೆಲುದನಿಯಲ್ಲಿ ಬುದ್ಧವಂದನೆ ಹೇಳುತ್ತಿದ್ದರು. ಸೀರೆ ಹಿಡಿದ ಹೆಂಗಸರು ಕೈ ಕೆಳಗಿಳಿಸಲಿಲ್ಲ, ಒಮ್ಮೆಯೂ ತಿರುಗಿ ನೋಡಲಿಲ್ಲ.

ಹೊರಗೆ ಬಂದಾಗ ಸೀತವ್ವ ಎದುರಿಗೇ ನಿಂತಿದ್ದಳು.

"ಆತೇನ್ರಿ?"

"ಆತ್ರಿ" ಎಂದಳು ವರದಾ.

ಸೀತವ್ವ ಐಸಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ಒಳಗ ತಂಪ ಐತಲ್ರಿ?"

"ಅದರಿ. ಭಾಳ ತಂಪದ."

"ಇಬ್ಬರಿಗಲ್ರಿ? ಒಬ್ಬೊಬ್ಬರಿಗೆ ಒಂದೊಂದು?"

ವರದಾ ತಲೆಯಾಡಿಸಿದಳು.

"ಅದರಾಗ ಒಂದು ಹೆಣ್ಣ ಹುಡಿಗಿ ಇದ್ರ ಚೊಲೊ ಆಗತಿತ್ತು. ಸಾಲಿಗೆ ಹೋಗೂ ಅಂಥಾದ್ದು. ಇವರಿಗೆ ಹೆಣ್ಣ ಹುಡಿಗ್ಯಾರು ಓದಿದ್ರ ಭಾಳ ಹಿಗ್ಗು." ಆಮೇಲೆ ಏನೋ ನೆನಪಾದಂತೆ ಸೆರಗಿಗೆ ಕೈ ಒರೆಸಿಕೊಂಡಳು. "ಸಹಿ ಬೇಕಾಗತೈತೇನ್ರಿ? ಹೆಬ್ಬೆಟ್ಟ ಅಲ್ಲ, ನನಗ ಬರೀಲಿಕ್ಕ ಬರತೈತಿ. ಇವರ ಕಲಿಸ್ಯಾರ."

ವರದಾ ಚೀಲದಿಂದ ಒಂದು ಫಾರ್ಮು ತೆಗೆದಳು. ತೆಗೆಯದೆ ಬೇರೆ ದಾರಿ ಇರಲಿಲ್ಲ. ಸೀತವ್ವ ಪೆಟ್ಟಿಗೆಯ ಮುಚ್ಚಳದ ಮೇಲೇ ಅದನ್ನು ಇಟ್ಟುಕೊಂಡು, ನಾಲಿಗೆಯ ತುದಿ ಹಲ್ಲಲ್ಲಿ ಹಿಡಿದು, ಮೂರು ಅಕ್ಷರ ಬರೆದಳು. ಬರೆದು ದೂರದಿಂದ ನೋಡಿ, ಒತ್ತು ಸರಿಯಾಗಿ ಬಿದ್ದಿಲ್ಲವೆಂದು ಮತ್ತೆ ತಿದ್ದಿದಳು. ಫಾರ್ಮನ್ನು ವರದಾಳ ಕೈಗೆ ಕೊಟ್ಟ ಮೇಲೆ, ಇದ್ದಕ್ಕಿದ್ದಂತೆ ನೆಲಕ್ಕೆ ಕೂತು, ಮುಂಜಾನೆಯಿಂದ ಮೊದಲ ಸಲ ದನಿ ತೆಗೆದು ಅತ್ತಳು. ಸಿದ್ಧರಾಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವಳ ಬಾಯಿಗೆ ಹಿಡಿದ. ಈಗ ಕುಡಿದಳು.

ಬಂದಗಿಸಾಬರು ಪೆಟ್ಟಿಗೆ ತಗೊಳ್ಳಲು ಬಂದರು. ಕಣ್ಣು ತೆಗೆದ ಮೇಲೆ ಮುಚ್ಚಳದ ಸುತ್ತ ಕೆಂಪು ಟೇಪು ಸುತ್ತಿ ಅದರ ಮೇಲೆ ಹೊತ್ತು ಬರೆಯುವುದು ಪದ್ಧತಿ. ಇವತ್ತು ಟೇಪು ಇರಲಿಲ್ಲ. ಅವರು ಮುಚ್ಚಳ ನೋಡಿದರು, ಆಮೇಲೆ ವರದಾಳನ್ನು ನೋಡಿದರು. ವರದಾ ಬೇರೆ ಕಡೆ ನೋಡಿದಳು. ಅವರು ಎಂದಿನಂತೆ ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಸೀಟಿನ ಮೇಲಿಟ್ಟು ಬೆಲ್ಟು ಹಾಕಿದರು, ಹಾಕಿದ್ದನ್ನು ಒಮ್ಮೆ ಎಳೆದು ನೋಡಿದರು.

ಗಾಡಿ ಹೊರಡುವಾಗ ಸೀತವ್ವ ಮಗಳ ಕೈ ಬಿಡಿಸಿಕೊಂಡು ಎದ್ದು ಬಂದಳು.

"ಸಾವಕಾಶ ಹೊಡೀರಿ ಅಣ್ಣಾರ. ತಗ್ಗ ದಿನ್ನಿ ಭಾಳ ಅದಾವು."

"ಹೂಂ ಅವ್ವಾ" ಎಂದರು ಬಂದಗಿಸಾಬರು.

ಮೊದಲ ಗೇರಿನಲ್ಲೇ ಹೊರಟರು. ಸೀತವ್ವ ಪಕ್ಕದಲ್ಲಿ ನಡೆಯುತ್ತ ಬಂದಳು. ಅವಳ ಒದ್ದೆ ಕೈ ಹಿಂದಿನ ಕಿಟಕಿಯ ಗಾಜಿನ ಮೇಲೆ ಇತ್ತು. ಹಿಂದೆ ಕುಣಿಗೆ ಮಣ್ಣು ಬೀಳುವ ಸದ್ದು ಇನ್ನೂ ಶುರುವಾಗಿರಲಿಲ್ಲ, ಅವಳು ಮರಳುವುದನ್ನು ಕಾಯುತ್ತ ಜನ ನಿಂತಿದ್ದರು. ಬಂದಗಿಸಾಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೆಲ ನೋಡುತ್ತ, ಪ್ರತಿಯೊಂದು ಬಿರುಕಿಗೂ ಬ್ರೇಕು ಒತ್ತುತ್ತ, ಪ್ರತಿಯೊಂದು ಹೆಂಟೆಯನ್ನೂ ಸುತ್ತಿ ದಾಟಿಸುತ್ತ, ಅವಳ ನಡಿಗೆಗಿಂತ ಮೆಲ್ಲಗೆ ಗಾಡಿ ಹೊಡೆದರು.